ಉಚ್ಚಂಗಿ ಗೆದ್ದವನ ಗೆಳೆಯ



ಉಚ್ಚಂಗಿದುರ್ಗದ ಹೆಸರು ಕೇಳದವರು ನಮ್ಮ ಚಿತ್ರದುರ್ಗದ ಕಡೆ ಇರಲಾರರು. ಊರು ಇಂದು ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿದೆ. ಆದರೆ ಅಲ್ಲಿಯ ಉತ್ಸವಾಂಬೆ, ನಾವು ಬಾಯ್ತುಂಬ ಕರೆಯುವ ಉಚ್ಚಂಗಿಯಮ್ಮ, ಚಿತ್ರದುರ್ಗದ ನಾಯಕ ಅರಸರ ಮನೆದೇವರು. ಮದಕರಿನಾಯಕರ ಹೆಸರು ಹೇಳುವ ನೆಲದಲ್ಲಿ ಆ ತಾಯಿಗೆ ನಡೆದುಕೊಳ್ಳುವ ಮನೆಗಳಿಗೇನೂ ಬರವಿಲ್ಲ. ಭರತ ಹುಣ್ಣಿಮೆ ಬಂತೆಂದರೆ ಸುತ್ತಲ ಸೀಮೆಯ ಜನ ಟ್ರ್ಯಾಕ್ಟರು ಕಟ್ಟಿಕೊಂಡು, ಬಸ್ಸು ಹತ್ತಿ, ಆ ಬೆಟ್ಟಕ್ಕೆ ಹೋಗಿಬರುತ್ತಾರೆ.

ನಾಯಕ ಅರಸರು ಹುಟ್ಟುವುದಕ್ಕೂ ಆರು ನೂರು ವರ್ಷ ಮೊದಲು, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಆ ಉಚ್ಚಂಗಿಯ ಕೋಟೆಗೆ ಒಂದು ದಂಡು ಬಂತು. ತಲಕಾಡಿನ ಗಂಗರ ದಂಡು ಅದು. ಮುಂದೆ ನಿಂತು ನಡೆಸಿದವನು ಚಾವುಂಡರಾಯ. ಕೋಟೆಯಲ್ಲಿದ್ದ ರಾಜಾದಿತ್ಯನನ್ನು ಮಣಿಸಿದ್ದಕ್ಕಾಗಿ ಅವನಿಗೆ ‘ರಣರಂಗಸಿಂಗ’ ಎಂಬ ಬಿರುದು ಬಂತು. ಅವನ ಬಿರುದುಗಳ ಪಟ್ಟಿ ಉದ್ದವಾಗಿದೆ, ಹೆಚ್ಚಿನವುಗಳ ಹಿಂದೆ ಒಂದೊಂದು ಕದನವಿದೆ. ಖೇಡಗದ ಕಾಳಗದಲ್ಲಿ ಸಮರಧುರಂಧರನಾದ. ಗೋನೂರಿನ ಬಯಲಲ್ಲಿ ನೊಳಂಬರನ್ನು ಸೋಲಿಸಿ ವೀರಮಾರ್ತಂಡನಾದ. ಗೋನೂರು ಎಂಬ ಊರು ನಮ್ಮ ಚಿತ್ರದುರ್ಗ ತಾಲ್ಲೂಕಿನಲ್ಲೂ ಇದೆಯಲ್ಲ! ಆ ಬಯಲು ಇದೇ ಎಂದು ಹಟ ಹಿಡಿಯುವುದಕ್ಕೆ ನಾನು ಬಂದಿಲ್ಲ. ಆದರೆ ಹೆಸರು ಕಿವಿಗೆ ಬಿದ್ದಾಗ ನಮ್ಮವರು ಒಂದು ಗಳಿಗೆ ತಲೆಯೆತ್ತಿ ನೋಡಿದರೆ ತಪ್ಪೇನೂ ಇಲ್ಲ.

ಏಕೆಂದರೆ ಈ ನೆಲವೆಲ್ಲ ಆಗ ನೊಳಂಬವಾಡಿ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ನಮ್ಮ ಹಿರಿಯೂರು ತಾಲ್ಲೂಕಿನ ಧರ್ಮಪುರದ ಆಚೆಗೆ, ಆಂಧ್ರದ ಗಡಿಯೊಳಗೆ ಇದೆ. ಚಾವುಂಡರಾಯನ ದೊರೆ ಎರಡನೆಯ ಮಾರಸಿಂಹನಿಗೆ ‘ನೊಳಂಬಕುಲಾಂತಕ’ ಎಂದೇ ಹೆಸರು. ಅಂತಕನೆಂದರೆ ಯಮ. ಗೆದ್ದವರು ಅದನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿಕೊಂಡರು. ನಾವು ಯಾರ ಕಡೆಯವರು ಎಂದು ಕೇಳಿದರೆ, ಸ್ವಾಮಿ, ಸೋತವರ ಕಡೆಯವರು. ಪಠ್ಯಪುಸ್ತಕದಲ್ಲಿ ಗಂಗರ ಪಾಠ ಓದುವಾಗ ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಸೀಮೆಗೆ ಯಮನಾಗಿ ಬಂದ ದಂಡಿನ ಆ ನಾಯಕನಿಗೆ ಒಬ್ಬ ಕವಿಮಿತ್ರನಿದ್ದ. ಈ ಹೊತ್ತು ನಿಮ್ಮ ಮುಂದೆ ಬಿಚ್ಚಬೇಕೆಂದಿರುವುದು ಅವರಿಬ್ಬರ ಸ್ನೇಹದ ಕಥೆಯನ್ನು.

ಕವಿ ರನ್ನ. ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ. ಅದು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಮನೆ. ಬಳೆಯ ಮಲಾರ ಹೆಗಲಿಗೇರಿಸಿ ಊರೂರು ತಿರುಗುವ ಕಸುಬು. ಇಂಥ ಮನೆಯ ಹುಡುಗನಿಗೆ ಓದಿನ ಹುಚ್ಚು ಹಿಡಿಯಿತು. ಅಕ್ಷರ, ವ್ಯಾಕರಣ, ಶಾಸ್ತ್ರಗಳನ್ನು ಹುಡುಕಿಕೊಂಡು ತೆಂಕಣದ ಗಂಗರ ನಾಡಿಗೆ ಇಳಿದ. ಮುಧೋಳದಿಂದ ಶ್ರವಣಬೆಳಗೊಳಕ್ಕೆ ನಾನೂರು ಕಿಲೋಮೀಟರಿಗೂ ಮಿಗಿಲು. ಬಸ್ಸಿಲ್ಲದ, ಸೇತುವೆಯಿಲ್ಲದ ಕಾಲ. ಮಲಪ್ರಭೆ, ತುಂಗಭದ್ರೆಯರನ್ನು ದಾಟಿ, ಒಬ್ಬರನ್ನೊಬ್ಬರು ಕಡಿದಾಡುತ್ತಿದ್ದ ಮೂರು ನಾಲ್ಕು ಅರಸರ ಸೀಮೆಗಳನ್ನು ಹಾದು ಆ ಹುಡುಗ ನಡೆದ.

ಆ ಕಡೆ ಚಾವುಂಡರಾಯ ಎಂಥವನು? ಬ್ರಹ್ಮಕ್ಷತ್ರ ಕುಲದವನು. ಮಾರಸಿಂಹನಿಗೂ ಆಮೇಲೆ ರಾಚಮಲ್ಲನಿಗೂ ಮಂತ್ರಿ, ಸೇನಾಪತಿ. ಜನ ಅವನನ್ನು ಪ್ರೀತಿಯಿಂದ ‘ಅಣ್ಣ’ ಎಂದೂ ಕರೆಯುತ್ತಿದ್ದರು. ವಿನೋದಕ್ಕೂ ಸುಳ್ಳಾಡದವನೆಂದು ‘ಸತ್ಯಯುಧಿಷ್ಠಿರ’ ಎಂಬ ಹೆಸರು ಬೇರೆ. ಒಬ್ಬ ಬಳೆಗಾರರ ಮಗ, ಇನ್ನೊಬ್ಬ ರಾಜ್ಯದ ಕತ್ತಿ ಹಿಡಿದವನು. ಇವರನ್ನು ಒಂದು ಜಗಲಿಯ ಮೇಲೆ ಕೂರಿಸಿದ್ದು ಗುರು. ರನ್ನನಿಗೂ ಚಾವುಂಡರಾಯನಿಗೂ ಗುರು ಒಬ್ಬರೇ, ಅಜಿತಸೇನಾಚಾರ್ಯರು. ದೊರೆ ಮಾರಸಿಂಹ ಕೊನೆಗಾಲದಲ್ಲಿ ಬಂಕಾಪುರಕ್ಕೆ ಹೋಗಿ, ಊಟ ನೀರು ಬಿಟ್ಟು ಸಲ್ಲೇಖನ ವ್ರತದಿಂದ ದೇಹ ತೊರೆದದ್ದೂ ಇದೇ ಅಜಿತಸೇನರ ಸನ್ನಿಧಿಯಲ್ಲಿ. ಗುರುವಿನ ಮುಂದೆ ಕೂತಾಗ ಸೇನಾಪತಿಯೂ ನೆಲದ ಮೇಲೇ ಕೂರಬೇಕು, ಬಳೆಗಾರರ ಹುಡುಗನೂ ಅಲ್ಲೇ ಕೂರಬೇಕು. ಅವರ ಸ್ನೇಹ ಅಲ್ಲಿ ಕುದುರಿತು ಎಂದುಕೊಳ್ಳುವುದರಲ್ಲಿ ತಪ್ಪಿಲ್ಲ. ಗುರುಬಂಧುಗಳ ನಂಟು ಒಮ್ಮೊಮ್ಮೆ ಒಡಹುಟ್ಟಿದವರ ನಂಟಿಗಿಂತ ಗಟ್ಟಿ. ಮಠದಲ್ಲಿ ಕೂಡಿ ಓದಿದ ನಮ್ಮ ಹಿರಿಯರನ್ನು ಕೇಳಿದರೆ ಇದು ಗೊತ್ತಾಗುತ್ತದೆ.

ಕತ್ತಿ ಹಿಡಿದವನಿಗೆ ಕವಿಯ ಗೆಳೆತನವೇಕೆ ಎನ್ನಬೇಡಿ. ಸಿಪಾಯಿಗಳಿಗೂ ಹಾಡಿಗೂ ಇರುವ ನಂಟನ್ನು ಬಾನುಲಿ ಕೇಳುವವರಿಗೆ ಬಿಡಿಸಿ ಹೇಳಬೇಕಿಲ್ಲ. ವಿವಿಧ ಭಾರತಿ ಶುರುವಾದದ್ದು 1957ರ ಅಕ್ಟೋಬರ್ 3ರಂದು. ಅದರಲ್ಲಿ ಗಡಿ ಕಾಯುವ ಸೈನಿಕರಿಗೆಂದೇ ‘ಜಯಮಾಲಾ’ ಬರುತ್ತಿತ್ತು. ಸಿಪಾಯಿಗಳು ಕಾರ್ಡು ಬರೆದು ತಮಗೆ ಬೇಕಾದ ಹಾಡು ಕೇಳುತ್ತಿದ್ದರು. ಚಿತ್ರರಂಗದ ದೊಡ್ಡವರು ಬಂದು ಆ ಕಾರ್ಯಕ್ರಮ ನಡೆಸಿಕೊಟ್ಟದ್ದೂ ಉಂಟು. ಅದೇ ಹಿಂದಿ ಚಿತ್ರರಂಗದ ಗೀತಕಾರ ಆನಂದ್ ಬಕ್ಷಿ ತಾವೇ ಸಿಪಾಯಿಯಾಗಿದ್ದವರು. ಹದಿಹರೆಯದಲ್ಲಿ ನೌಕಾದಳ ಸೇರಿ, ದೇಶ ಇಬ್ಭಾಗವಾದಾಗ ರಾವಲ್ಪಿಂಡಿಯ ಮನೆ ಬಿಟ್ಟು ಬಂದು, ಭೂಸೇನೆಯಲ್ಲಿ ವರ್ಷಗಟ್ಟಲೆ ದುಡಿದು, ಮುಂಬಯಿಯಲ್ಲಿ ಒಮ್ಮೆ ಸೋತು ಮರಳಿ ಸೇನೆಗೇ ಹೋಗಿ, ಮತ್ತೆ ಬಂದು ಗೆದ್ದವರು. ಮೂರು ಸಾವಿರಕ್ಕೂ ಮೀರಿ ಹಾಡು ಬರೆದರು. ಅವರ ಹಾಡಿನಲ್ಲಿ ಊರು ಬಿಟ್ಟು ಹೋದವನ ಹಂಬಲ ಅಷ್ಟು ಸಲೀಸಾಗಿ ಬರುವುದಕ್ಕೆ ಬ್ಯಾರಕ್ಕಿನ ರಾತ್ರಿಗಳೇ ಕಾರಣ ಎಂಬುದು ನನ್ನ ಗುಮಾನಿ. ಬಂದೂಕು ಒರಗಿಸಿಟ್ಟು ಹಾಡು ಕೇಳುವವನಿಗೆ ಹಾಡು ಬೇರೆಯೇ ರೀತಿಯಲ್ಲಿ ನಾಟುತ್ತದೆ. ನಾಳೆ ಇರುತ್ತೇನೋ ಇಲ್ಲವೋ ಎಂಬ ಲೆಕ್ಕ ಅವನ ಬೆನ್ನಿಗೇ ಇರುತ್ತದೆ.

ಚಾವುಂಡರಾಯನೂ ಕಿವಿ ಇದ್ದ ಸಿಪಾಯಿ. ಕಿವಿಯ ಜೊತೆಗೆ ಕೈಯೂ ಇತ್ತು. 978ರಲ್ಲಿ ಅವನೇ ಒಂದು ಗ್ರಂಥ ಬರೆದ, ಅರುವತ್ತಮೂರು ಮಂದಿ ಮಹಾಪುರುಷರ ಕಥೆ. ಅದನ್ನು ನಾವು ಚಾವುಂಡರಾಯ ಪುರಾಣ ಎನ್ನುತ್ತೇವೆ. ಎಲ್ಲರೂ ಗದ್ಯಪದ್ಯ ಬೆರೆಸಿದ ಚಂಪುವಿನ ಬೆನ್ನುಹತ್ತಿದ್ದ ಕಾಲದಲ್ಲಿ ಈ ದಂಡನಾಯಕ ಬಹುಪಾಲು ಗದ್ಯದಲ್ಲೇ ಬರೆದ. ಅವನ ಗದ್ಯ ನೇರ. ಆಜ್ಞೆ ಕೊಟ್ಟು ರೂಢಿಯಾದವನ ವಾಕ್ಯಗಳು ಅವು ಎಂದು ಓದುವಾಗ ನನಗೆ ಅನ್ನಿಸುವುದುಂಟು. ಗೆಳೆಯ ರನ್ನನ ಮುಂದೆ ಅದನ್ನು ಓದಿ ತೋರಿಸಿದ್ದನೆ, ರನ್ನ ಹುಬ್ಬು ಗಂಟಿಕ್ಕಿದ್ದನೆ ಎಂದು ಊಹಿಸಿಕೊಂಡರೆ ನಗು ಬರುತ್ತದೆ. ಏಕೆಂದರೆ ರನ್ನನಿಗೆ ಸಂಕೋಚ ಎಂಬುದೇ ಗೊತ್ತಿರಲಿಲ್ಲ. ತನ್ನ ಕಾವ್ಯಕ್ಕೆ ಬೆಲೆ ಕಟ್ಟಲು ಹೊರಟವನಿಗೆ ಗುಂಡಿಗೆ ಗಟ್ಟಿ ಇರಬೇಕು ಎಂದು ರಾಜಾರೋಷವಾಗಿ ಹೇಳಿಕೊಂಡವನು ಅವನು. ಇಂಥವನ ಜೊತೆ ಸ್ನೇಹ ಮಾಡುವುದಕ್ಕೆ ಚಾವುಂಡರಾಯನಂಥ ದೊಡ್ಡ ಮನಸ್ಸೇ ಬೇಕಿತ್ತು.

ಮೂರು ವರ್ಷದ ತರುವಾಯ, 981ರಲ್ಲಿ, ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಚಾವುಂಡರಾಯ ಐವತ್ತೆಂಟು ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಅದನ್ನು ಕಂಡರಿಸಿದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದಕ್ಕೆ ನಾನು ಕೈ ಹಾಕುವುದಿಲ್ಲ. ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಎದುರಿನ ಚಿಕ್ಕಬೆಟ್ಟಕ್ಕೆ. ಪ್ರವಾಸಿಗಳಲ್ಲಿ ಹೆಚ್ಚಿನವರು ಗೊಮ್ಮಟನನ್ನು ನೋಡಿ, ಏದುಸಿರು ಬಿಟ್ಟು, ಎಳನೀರು ಕುಡಿದು ಹಿಂತಿರುಗುತ್ತಾರೆ. ಚಿಕ್ಕಬೆಟ್ಟಕ್ಕೆ ಹೋಗುವವರು ಕಡಮೆ.

ಹೋದವರು ಕಾಲ ಕೆಳಗೆ ನೋಡಿಕೊಂಡು ನಡೆಯಬೇಕು. ಆ ಬೆಟ್ಟದ ಬೋಳು ಬಂಡೆಯ ಮೇಲೆಲ್ಲ ಬರೆಹವಿದೆ. ವ್ರತ ಹಿಡಿದು ಸತ್ತ ಮುನಿಗಳ ನೆನಪಿನ ದೊಡ್ಡ ಶಾಸನಗಳ ನಡುವೆ, ಬರಿಯ ಹೆಸರುಗಳೂ ಲೆಕ್ಕವಿಲ್ಲದಷ್ಟು. ಯಾತ್ರೆಗೆ ಬಂದವರು, ಶಿಲ್ಪಿಗಳು, ದಂಡಿನವರು ಉಳಿ ಹಿಡಿದು ತಾವು ಬಂದ ಗುರುತು ಬಿಟ್ಟು ಹೋಗಿದ್ದಾರೆ. ನಮ್ಮ ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಗೋಡೆಯ ಮೇಲೆ ಹುಡುಗರು ಹೆಸರು ಗೀಚಿದರೆ ನಾವು ಗದರುತ್ತೇವೆ. ಸಾವಿರ ವರ್ಷ ಕಳೆದರೆ ಅದನ್ನೇ ವಿದ್ವಾಂಸರು ಪಟ್ಟಿ ಮಾಡುತ್ತಾರೆ. ಹಾಗೆಂದು ಗೀಚಲು ಹೋಗಬೇಡಿ! ಆ ಬೆಟ್ಟದ ಶಾಸನಗಳನ್ನೆಲ್ಲ ಮೊದಲು ಕೂಡಿಸಿ 1889ರಲ್ಲಿ ಅಚ್ಚು ಹಾಕಿಸಿದವರು ಬಿ. ಎಲ್. ರೈಸ್. ಅದನ್ನು ಹಿಗ್ಗಿಸಿ, ತಿದ್ದಿ 1923ರಲ್ಲಿ ಹೊರತಂದವರು ಆರ್. ನರಸಿಂಹಾಚಾರ್ಯರು. ಆ ಹೆಸರುಗಳ ಸಂತೆಯಲ್ಲಿ ಒಂದು ಹೆಸರು ‘ಕವಿರತ್ನ’. ಅದು ರನ್ನನ ಬಿರುದು. ಅದು ಅವನದೇ ಕೈಬರೆಹ ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಚಾವುಂಡರಾಯನ ಹೆಸರೂ ಅದೇ ಬೆಟ್ಟದ ಮೇಲಿದೆ. ಅವನು ಕಟ್ಟಿಸಿದ ಬಸದಿಯ ಅಧಿಷ್ಠಾನದಲ್ಲೂ ಇದೆ.

ಆ ಅಕ್ಷರಗಳ ಬಗ್ಗೆ ಒಂದು ಮಾತು. ಅರಮನೆಯ ಕಲ್ಲುಕುಟಿಗ ಕೆತ್ತುವ ಶಾಸನದ ಅಕ್ಷರ ಸಾಲಾಗಿ, ಒಂದೇ ಅಳತೆಯಲ್ಲಿ, ಮುತ್ತು ಪೋಣಿಸಿದ ಹಾಗೆ ಇರುತ್ತದೆ. ಬಂಡೆಯ ಮೇಲಿನ ಈ ಹೆಸರುಗಳಿಗೆ ಆ ಶಿಸ್ತಿಲ್ಲ. ಪೀಠಿಕೆಯಿಲ್ಲ, ವಂಶಾವಳಿಯಿಲ್ಲ, ದಾನದ ಲೆಕ್ಕವಿಲ್ಲ, ಕೆಡಿಸಿದವನಿಗೆ ಪಾಪ ತಟ್ಟಲಿ ಎಂಬ ಶಾಪವೂ ಇಲ್ಲ. ಬರಿಯ ಹೆಸರು. ಒಬ್ಬ ಮನುಷ್ಯ ಬಿಸಿಲಿನಲ್ಲಿ ಮಂಡಿಯೂರಿ ಕೂತು ಕೆತ್ತುವಷ್ಟು ಮಾತ್ರ. ಕನ್ನಡದ ಮೂವರು ದೊಡ್ಡ ಹಳೆಯ ಕವಿಗಳಲ್ಲಿ ಪಂಪನ ಕೈಬರೆಹ ನಮಗೆ ಸಿಕ್ಕಿಲ್ಲ, ಪೊನ್ನನದು ಸಿಕ್ಕಿಲ್ಲ. ರನ್ನನದು ಎನ್ನುವ ಈ ಅಕ್ಷರಗಳು ಸಿಕ್ಕಿದ್ದು ಗೆಳೆಯನ ಬೆಟ್ಟದಲ್ಲಿ.

ಗೆಳೆಯನಿಗಾಗಿ ಬರೆದ ಕಾವ್ಯ ಮಾತ್ರ ಸಿಕ್ಕಿಲ್ಲ. ರನ್ನ ತಾನು ‘ಪರಶುರಾಮಚರಿತ’ ಎಂಬ ಕಾವ್ಯ ಬರೆದೆನೆಂದು ಹೇಳಿಕೊಂಡಿದ್ದಾನೆ. ಚಾವುಂಡರಾಯನ ಬಿರುದುಗಳಲ್ಲಿ ‘ಸಮರಪರಶುರಾಮ’ ಎಂಬುದೊಂದು. ಆ ಕಾವ್ಯದ ನಾಯಕ ಇವನೇ ಎಂದು ವಿದ್ವಾಂಸರು ಊಹಿಸುವುದು ಇದರಿಂದಲೇ. ಆ ಬಿರುದು ಬಂದ ಬಗೆ ಗೊತ್ತಾದರೆ ಊಹೆಗೆ ಮೈಯೂ ಬರುತ್ತದೆ. ಚಾವುಂಡರಾಯನ ಸೋದರ ನಾಗವರ್ಮನನ್ನು ಮುದುರಾಚಯ್ಯನೆಂಬವನು ಕೊಂದಿದ್ದ. ಚಾವುಂಡರಾಯ ಅವನನ್ನು ಬೆನ್ನಟ್ಟಿ ಕೊಂದ. ತಂದೆಯನ್ನು ಕೊಂದವರ ಕುಲವನ್ನೇ ಕಡಿದ ಪರಶುರಾಮನ ಹೆಸರು ಸೋದರನ ಸೇಡು ತೀರಿಸಿಕೊಂಡ ದಂಡನಾಯಕನಿಗೆ ಅಂಟಿಕೊಂಡಿತು.

ಕದನದ ಮಿಕ್ಕ ಬಿರುದುಗಳೆಲ್ಲ ರಾಜ್ಯಕ್ಕಾಗಿ ಕಾದಿ ಬಂದವು. ಇದೊಂದು ಮಾತ್ರ ಮನೆಯ ದುಃಖದಿಂದ ಬಂದದ್ದು. ಆಸ್ಥಾನದಲ್ಲಿ ಇದನ್ನು ವಂದಿಮಾಗಧರು ಹಾಡಿ ಹೊಗಳಿರಬಹುದು. ಆದರೆ ಚಾವುಂಡರಾಯನ ಮನಸ್ಸಿನಲ್ಲಿ ಆ ಬಿರುದು ಹೇಗೆ ಕೂತಿತ್ತು? ಸೋದರ ಹೋದ, ಬಿರುದು ಬಂತು ಎಂಬ ಲೆಕ್ಕ ಯಾವ ಮನುಷ್ಯನಿಗೂ ಸರಿಹೋಗದು. ಇಂಥದ್ದನ್ನು ದೊರೆಯ ಮುಂದೆ ಆಡಲಾಗುವುದಿಲ್ಲ, ಕೈಕೆಳಗಿನ ಸಿಪಾಯಿಗಳ ಮುಂದೆಯಂತೂ ಸಾಧ್ಯವೇ ಇಲ್ಲ. ಆಡಿದ್ದರೆ ಅಜಿತಸೇನರ ಮುಂದೆ ಆಡಿರಬೇಕು, ಇಲ್ಲವೆ ಜೊತೆಗೆ ಕೂತು ಓದಿದ ಆ ಬಳೆಗಾರರ ಹುಡುಗನ ಮುಂದೆ.

ನಾನು ಹೀಗೆ ಹೇಳುವುದಕ್ಕೆ ‘ಗದಾಯುದ್ಧ’ ಕಾರಣ. ರನ್ನನ ಆ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂದೂ ಹೆಸರು. ಮುಂದೆ ಚಾಳುಕ್ಯರ ಆಸ್ಥಾನ ಸೇರಿದ ಅವನು ಇದನ್ನು ಬರೆದದ್ದು ಚಾಳುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ. ಕಾವ್ಯದ ಹೆಸರಿನಲ್ಲೇ ಭೀಮನ ವಿಜಯವಿದೆ. ಓದಿ ಮುಗಿಸಿದವನ ಎದೆಯಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಹದಿನೆಂಟು ದಿನದ ಯುದ್ಧ ಮುಗಿಯುವ ಹೊತ್ತು. ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ದುರ್ಯೋಧನ ಸಂಜಯನ ಆಸರೆಯಲ್ಲಿ ರಣಭೂಮಿಯನ್ನು ಹಾದು ಹೋಗುತ್ತಾನೆ. ಹೆಣಗಳ ನಡುವೆ ಹೆಜ್ಜೆ ಇಡಲು ಜಾಗವಿಲ್ಲ. ಮರುಳುಗಳು ಅವನನ್ನು ಆಡಿಕೊಳ್ಳುತ್ತವೆ. ದ್ರೋಣನ ಹೆಣ ಸಿಗುತ್ತದೆ. ಎದುರಾಳಿಯ ಮಗ ಅಭಿಮನ್ಯು ಬಿದ್ದಲ್ಲಿ ನಿಂತು, ಇವನಿಗೆ ಬಂದಂಥ ಸಾವು ತನಗೂ ಬರಲೆಂದು ಕೈ ಮುಗಿಯುತ್ತಾನೆ. ತನ್ನದೇ ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ತಮ್ಮ ದುಶ್ಶಾಸನ ಸೀಳಿಸಿಕೊಂಡು ಬಿದ್ದಿದ್ದಾನೆ. ಆಮೇಲೆ ಕರ್ಣ.

ಇಲ್ಲಿ ಒಂದು ವಿಷಯ ಗಮನಿಸಿ. ಯುದ್ಧದ ವರ್ಣನೆ ಮಾಡುವ ಕವಿಗಳು ಬೇಕಾದಷ್ಟು ಮಂದಿ. ಆನೆ, ಕುದುರೆ, ಬಾಣದ ಮಳೆ, ತಲೆಗಳು ಚೆಂಡಾಡಿದವು ಎಂಬ ವರ್ಣನೆಯನ್ನು ಮನೆಯಲ್ಲಿ ಕೂತು ಯಾರೂ ಬರೆಯಬಹುದು. ಯುದ್ಧ ಮುಗಿದ ಮರುದಿನದ ಬಯಲನ್ನು ಬರೆಯುವುದು ಕಷ್ಟ. ಹೆಣ ಗುರುತು ಹಿಡಿಯುತ್ತ ನಡೆಯುವವನ ಕಾಲು ಎಲ್ಲಿ ನಿಲ್ಲುತ್ತದೆ, ಯಾರ ಮುಂದೆ ಮಾತು ಹೊರಡುತ್ತದೆ, ಯಾರ ಮುಂದೆ ಹೊರಡುವುದಿಲ್ಲ, ಇದೆಲ್ಲ ಅಲ್ಲಿ ನಡೆದವರಿಗೆ ಗೊತ್ತು. ಪಂಪ ತಾನೇ ಕತ್ತಿ ಹಿಡಿದವನು, ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಳೆಗಾರರ ಮನೆಯ ರನ್ನನಿಗೆ ಯಾರು ಹೇಳಿದರು? ಸೋದರನನ್ನು ಕಳೆದುಕೊಂಡ, ಗೋನೂರು ಉಚ್ಚಂಗಿಗಳ ಹೆಣಗಳ ನಡುವೆ ನಡೆದ ಗೆಳೆಯನೊಬ್ಬ ಅವನಿಗಿದ್ದ. ದುಶ್ಶಾಸನನ ಮುಂದೆ ನಿಂತ ಅಣ್ಣನ ಮಾತಿನಲ್ಲಿ ನಾಗವರ್ಮನನ್ನು ಕಳೆದುಕೊಂಡವನ ದನಿ ಸೇರಿದೆ ಎಂದು ನಾನು ನಂಬಿದ್ದೇನೆ. ಶಾಸನದ ಆಧಾರ ಕೇಳಿದರೆ ಇಲ್ಲ. ಕಾವ್ಯವೇ ನನಗೆ ಆಧಾರ.

ಸೋತವರ ಸೀಮೆಯವನಾದ ನನಗೆ ಇನ್ನೂ ಒಂದು ಕಾಣುತ್ತದೆ. ಗೆದ್ದ ದಂಡನಾಯಕನ ಗೆಳೆಯ, ಗೆದ್ದ ಚಕ್ರವರ್ತಿಯ ಆಸ್ಥಾನಕವಿ, ಇಂಥವನು ಕನ್ನಡದಲ್ಲಿ ಸೋತವನಿಗೆ ಅಷ್ಟು ದೊಡ್ಡ ದನಿ ಕೊಟ್ಟ. ಗೆದ್ದವರ ಜೊತೆ ಬರಿಯ ಹೊಗಳುಭಟ್ಟನಾಗಿ ಇದ್ದಿದ್ದರೆ ಅವನಿಗೆ ಅವರ ಜಯಘೋಷವಷ್ಟೇ ಕೇಳಿಸುತ್ತಿತ್ತು. ಸ್ನೇಹ ಇದ್ದುದರಿಂದ, ಗೆದ್ದು ಬಂದವನು ರಾತ್ರಿ ಏನು ನೆನೆಯುತ್ತಾನೆ ಎಂಬುದೂ ಕೇಳಿಸಿತು. ಗೆದ್ದವನಿಗೆ ಎದುರಾಳಿಯ ಮುಖ ಚೆನ್ನಾಗಿ ನೆನಪಿರುತ್ತದೆ. ಹೊಗಳುಭಟ್ಟರಿಗೆ ಆ ಮುಖ ಬೇಕಾಗಿಲ್ಲ, ಕವಿಗೆ ಬೇಕು.

ಆ ದುರ್ಯೋಧನ ನಮ್ಮ ಹಳ್ಳಿಗಳಿಗೂ ಬೇಕಾದವನೇ. ಬಿ. ಎಂ. ಶ್ರೀಯವರು 1926ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕ’ವಾಗಿ ಕಟ್ಟಿದರು. ಅದು ಓದಿದವರ ಮಾತಾಯಿತು. ನಮ್ಮ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ ನಾಟಕ ಕಟ್ಟುವುದಿಲ್ಲವೆ? ಹಾರ್ಮೋನಿಯಂ ಮೇಷ್ಟರು ಬಂದು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಪಾತ್ರ ಮಾಡುವವನೇ ಪಾತ್ರಕ್ಕೆ ದುಡ್ಡು ಕೊಡಬೇಕು. ಎಲ್ಲಕ್ಕಿಂತ ಹೆಚ್ಚು ದುಡ್ಡು ಯಾವ ಪಾತ್ರಕ್ಕೆ ಅಂತೀರಿ? ಧರ್ಮರಾಯನಿಗೋ, ಅರ್ಜುನನಿಗೋ? ಅಲ್ಲ, ದುರ್ಯೋಧನನಿಗೆ. ಜಮೀನು ಒತ್ತೆ ಇಟ್ಟಾದರೂ ದುರ್ಯೋಧನನ ಪಾರ್ಟು ಮಾಡಬೇಕೆನ್ನುವ ಗೌಡರುಗಳನ್ನು ನಮ್ಮವರೆಲ್ಲ ಕಂಡಿದ್ದಾರೆ. ಅವರಿಗೆ ರನ್ನನ ಹೆಸರು ಗೊತ್ತಿಲ್ಲದಿದ್ದರೂ ರುಚಿ ರನ್ನನದೇ.

ರನ್ನನನ್ನು ಮೆಚ್ಚಿದವರಲ್ಲಿ ಚಾವುಂಡರಾಯ ಒಂಟಿಯಲ್ಲ. ದಂಡಿನ ಮನೆತನಗಳು ಆ ಕಾಲದಲ್ಲಿ ಕವಿಗಳನ್ನು ಸಾಕಿದ ರೀತಿ ನೋಡಿದರೆ ಆಶ್ಚರ್ಯವಾಗುತ್ತದೆ. ಪೊನ್ನನಿಂದ ‘ಶಾಂತಿಪುರಾಣ’ ಬರೆಸಿದವರು ವೆಂಗಿನಾಡಿನ ಮಲ್ಲಪ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಇಬ್ಬರೂ ವೀರರು. ಪುನ್ನಮಯ್ಯ ಯುದ್ಧದಲ್ಲೇ ಮಡಿದ. ಮಲ್ಲಪನ ಮಗಳು ಅತ್ತಿಮಬ್ಬೆ. ಆಕೆಯ ಗಂಡ ನಾಗದೇವ ಚಾಳುಕ್ಯ ತೈಲಪನ ದಳಪತಿ, ಅವನೂ ಬೇಗ ತೀರಿಕೊಂಡ. ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ಒಡಹುಟ್ಟಿದ ಗುಂಡಮಬ್ಬೆ, ಗಂಡನ ಜೊತೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದಳು. ಉಳಿದು, ಮಗನನ್ನು ಸಾಕಿ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿ, ರನ್ನನಿಂದ 993ರಲ್ಲಿ ‘ಅಜಿತಪುರಾಣ’ ಬರೆಸಿದಳು. ತಂದೆ ಚಿಕ್ಕಪ್ಪಂದಿರು ಬರೆಸಿದ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು.

ಸಾವಿರ ಪ್ರತಿ ಎಂದರೆ ಏನು ಎಂದು ಒಂದು ಕ್ಷಣ ಯೋಚಿಸಿ. ತಾಳೆಯ ಗರಿಯನ್ನು ತಂದು, ಹದಮಾಡಿ ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ದಾರ ಪೋಣಿಸಲು ತೂತು ಕೊರೆಯಬೇಕು. ಲಿಪಿಕಾರ ಗರಿಯನ್ನು ಎಡಗೈಯಲ್ಲಿ ಹಿಡಿದು, ಕಂಟವೆಂಬ ಕಬ್ಬಿಣದ ಲೇಖನಿಯಿಂದ ಅಕ್ಷರ ಕೊರೆಯುತ್ತಾನೆ. ಒತ್ತಿದರೆ ಗರಿ ಸೀಳುತ್ತದೆ, ಸಡಿಲ ಬಿಟ್ಟರೆ ಅಕ್ಷರ ಮೂಡುವುದಿಲ್ಲ. ಕೊರೆದಾಗ ಏನೂ ಕಾಣದು. ಆಮೇಲೆ ಮಸಿ ಸವರಿ ಒರೆಸಿದಾಗಲೇ ಸಾಲುಗಳು ಎದ್ದು ಬರುವುದು. ಒಂದು ಪುರಾಣಕ್ಕೆ ಇಂಥ ಗರಿಗಳ ಒಂದು ದೊಡ್ಡ ಕಟ್ಟು. ಅಂಥ ಸಾವಿರ ಕಟ್ಟು. ಅಚ್ಚಿನ ಮನೆ ಇರುವ ಇಂದಿಗೂ ಸಾವಿರ ಪ್ರತಿ ಖರ್ಚಾದರೆ ಕನ್ನಡದ ಪ್ರಕಾಶಕರು ಸಿಹಿ ಹಂಚುತ್ತಾರೆ!

ಅರಸರಿಂದ ರನ್ನನಿಗೆ ಸಿಕ್ಕಿದ್ದು ಕಡಮೆಯೇನಲ್ಲ. ತೈಲಪ ಅವನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ. ಹಿಂದಿನಿಂದಲೂ ಕವಿ ಇದಕ್ಕೆ ಸಲ್ಲಿಸುವ ಬಾಕಿ ಎಂದರೆ ಕಾವ್ಯದಲ್ಲಿ ಹೊಗಳಿಕೆ, ಅದನ್ನು ರನ್ನ ಸಲ್ಲಿಸಿದ. ಲೆಕ್ಕ ಚುಕ್ತಾ. ಮನೆಯೊಳಗಿನ ಸಂಗತಿ ಬೇರೆ. ರನ್ನನಿಗೆ ಜಕ್ಕಿ, ಶಾಂತಿ ಎಂಬ ಇಬ್ಬರು ಹೆಂಡಿರು. ಮಕ್ಕಳು ಹುಟ್ಟಿದಾಗ ಮಗನಿಗೆ ಅವನು ಇಟ್ಟ ಹೆಸರು ರಾಯ, ಮಗಳಿಗೆ ಇಟ್ಟ ಹೆಸರು ಅತ್ತಿ‌ಮಬ್ಬೆ. ತೈಲ ಎಂದು ಇಡಲಿಲ್ಲ, ಸತ್ಯಾಶ್ರಯ ಎಂದೂ ಇಡಲಿಲ್ಲ. ಮಗನನ್ನು ಊಟಕ್ಕೆ ಕರೆಯುವಾಗ, ತಪ್ಪು ಮಾಡಿದಾಗ ಬೈಯುವಾಗ ಬಾಯಲ್ಲಿ ಬರುವ ಹೆಸರದು. ನಮ್ಮ ಮನೆಗಳಲ್ಲಿ ಅಜ್ಜನ ಹೆಸರಿಡುತ್ತೇವೆ, ಮನೆದೇವರ ಹೆಸರಿಡುತ್ತೇವೆ. ರನ್ನ ಅಲ್ಲಿ ದಂಡನಾಯಕ ಗೆಳೆಯನನ್ನೂ, ದಂಡಿನ ಮನೆತನದ ಆ ಮಹಾತಾಯಿಯನ್ನೂ ತಂದು ಕೂರಿಸಿದ.

ಚಾವುಂಡರಾಯನ ಮಗನ ಹೆಸರು ಜಿನದೇವಣ. ತಂದೆ ಕಟ್ಟಿಸಿದ ಚಿಕ್ಕಬೆಟ್ಟದ ಬಸದಿಯ ಮೇಲಂತಸ್ತು, 995ರ ಸುಮಾರಿನದು, ಅವನ ಕಾಣಿಕೆ. ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ಕಥೆ ಮಾತ್ರ ಹೊಟ್ಟೆ ಉರಿಸುವಂಥದ್ದು. ಚಾವುಂಡರಾಯನ ಹುಟ್ಟು, ಕದನಗಳನ್ನೆಲ್ಲ ಹೇಳುವ ಶಾಸನ ಅದರ ಮೇಲಿತ್ತು. ಸುಮಾರು 1200ರಲ್ಲಿ ಹೆರ್ಗಡೆ ಕಣ್ಣ ಎಂಬೊಬ್ಬ ಅಧಿಕಾರಿ ತನ್ನ ಎರಡೂವರೆ ಸಾಲು ಕೆತ್ತಿಸುವುದಕ್ಕಾಗಿ ಅದರ ಮೂರು ಮುಖಗಳನ್ನು ಅಳಿಸಿಹಾಕಿದ. ಒಂದು ಮುಖ ಉಳಿದಿದೆ. ಅಧಿಕಾರ ಕೈಗೆ ಬಂದ ಸಣ್ಣ ಮನುಷ್ಯರು ಎಲ್ಲ ಕಾಲಕ್ಕೂ ಇದ್ದಾರೆ. ಅವರ ಬಗ್ಗೆ ಹೆಚ್ಚು ಮಾತು ಬೇಡ.

ಹೀಗೆ ಕಲ್ಲಿನ ಮೇಲಿನದು ಮುಕ್ಕಾಲು ಹೋಯಿತು. ಗರಿಯ ಮೇಲಿನ ಪರಶುರಾಮಚರಿತವೂ ಹೋಯಿತು ಎನ್ನುತ್ತಾರೆ. ‘ಹೋಯಿತು’ ಎನ್ನುವ ಮಾತನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಕೌಟಿಲ್ಯನ ಅರ್ಥಶಾಸ್ತ್ರವೂ ಹೋಯಿತೆಂದೇ ಎಲ್ಲರೂ ಕೈಬಿಟ್ಟಿದ್ದರು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಯಾರೋ ತಂದುಕೊಟ್ಟ ಓಲೆಗರಿಯ ಕಟ್ಟನ್ನು ಬಿಚ್ಚಿ ಆರ್. ಶಾಮಾಶಾಸ್ತ್ರಿಗಳು ಅದನ್ನು ಕಂಡರು. 1909ರಲ್ಲಿ ಅಚ್ಚಾಯಿತು, ಲೋಕಕ್ಕೆಲ್ಲ ಗೊತ್ತಾಯಿತು.

ನಮ್ಮ ಜಿಲ್ಲೆಯಲ್ಲಿ ಮಠಗಳಿಗೆ ಕೊರತೆಯಿಲ್ಲ. ಹಳೆಯ ಶಾನುಭೋಗರ ಮನೆ, ಅಯ್ನೋರ ಮನೆ, ಪಂಡಿತರ ಮನೆಗಳ ಅಟ್ಟಗಳಿಗೂ ಕೊರತೆಯಿಲ್ಲ. ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಅಟ್ಟದಿಂದ ಓಲೆಗರಿಯ ಕಟ್ಟು ಕೆಳಗೆ ಬೀಳುವುದುಂಟು. ಏನೋ ಜಾತಕ ಇರಬೇಕು ಎಂದೋ, ಮನೆಯಲ್ಲಿಟ್ಟರೆ ಕೇಡು ಎಂದೋ, ಒಲೆಗೆ ಹಾಕುವವರೂ ಹೊಳೆಗೆ ಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಾರ ಬಿಚ್ಚಬೇಡಿ, ಗರಿಗಳ ಕ್ರಮ ತಪ್ಪಿದರೆ ಓದುವವರಿಗೆ ಕಷ್ಟ. ನೀರಿನ ಪಸೆ ತಾಗದ ಹಾಗೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನಿಮ್ಮೂರಿನ ಕನ್ನಡ ಮೇಷ್ಟರಿಗೆ ತೋರಿಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಓದುವವರಿದ್ದಾರೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೂ ಇದ್ದಾರೆ. ಹತ್ತರಲ್ಲಿ ಒಂಬತ್ತು ಕಟ್ಟು ಪಂಚಾಂಗವೋ ಔಷಧಿಯ ಪಟ್ಟಿಯೋ ಆಗಿರುತ್ತದೆ. ಇರಲಿ, ಅದೂ ಬೇಕಾದದ್ದೇ. ತೆಗೆದುಕೊಂಡು ಹೋಗಿ ತೋರಿಸಿ.